ಅಕ್ಕನ ಕಿವಿ, ಪುಟ್ಟಿಯ ಉಸಿರು

ಆಪರೇಷನ್ ಆಗಿದ್ದು ಅಕ್ಕನಿಗೆ. ವಾರ್ಡಿನವರೆಲ್ಲ ಸೇರಿ ಕುರ್ಚಿ ಹುಡುಕಿ ತಂದುಕೊಟ್ಟಿದ್ದು ಮಾತ್ರ ಪುಟ್ಟಿಗೆ.

ತಲೆಗೆ ರುಮಾಲಿನಷ್ಟು ದೊಡ್ಡ ಬ್ಯಾಂಡೇಜು ಸುತ್ತಿಸಿಕೊಂಡು ಎಡಮಗ್ಗುಲಿಗೆ ಮಲಗಿದ್ದ ಅಕ್ಕ ಅದನ್ನು ಅರೆಗಣ್ಣಿನಲ್ಲಿ ನೋಡುತ್ತಿದ್ದಳು. ತಂಗಿ ಕೈಯಲ್ಲಿ ಫ್ಲಾಸ್ಕು ಹಿಡಿದು ವಾರ್ಡಿನ ಬಾಗಿಲಿಗೆ ಬಂದಳು, ಚೌಕಟ್ಟಿಗೆ ಒರಗಿ ನಿಂತಳು, ಅವಳ ಹೆಗಲೆರಡೂ ಮೇಲೆದ್ದು ಇಳಿದವು. ಅಷ್ಟೇ ಸಾಕಾಯಿತು. ಪಕ್ಕದ ಮಂಚದಲ್ಲಿ ಮೂಗಿನ ಆಪರೇಷನ್ ಆಗಿ ಮಲಗಿದ್ದ ಬಸ್ ಡ್ರೈವರನ ಹೆಂಡತಿ ದಡಕ್ಕನೆ ಎದ್ದು ಕೂತಳು. ನರ್ಸಮ್ಮ ಕೈಯಲ್ಲಿದ್ದ ಚೀಟಿ ಬಿಟ್ಟು ಓಡಿದಳು. ಕುರ್ಚಿ ಬಂತು, ಕುರ್ಚಿಯ ಹಿಂದೆ ನೀರು ಬಂತು, ನೀರಿನ ಹಿಂದೆ ಸಮಾಧಾನದ ಮಾತು ಬಂತು. ಪುಟ್ಟಿ ಚೀಲದಿಂದ ತನ್ನ ಉಬ್ಬಸದ ಪಂಪು ತೆಗೆದು ಬಾಯಿಗಿಟ್ಟು ಎರಡು ಸಲ ಒತ್ತಿಕೊಂಡಳು. ಆಮೇಲೆ ಎಲ್ಲರ ಕಡೆಗೂ ನೋಡಿ ನಕ್ಕಳು.

ಬಸ್ ಡ್ರೈವರನ ಹೆಂಡತಿ ಅಕ್ಕನ ಕಡೆ ತಿರುಗಿ ಗಂಟಲು ಹರಿಯುವ ಹಾಗೆ ಕೂಗಿದಳು: “ಪಾಪ, ನಿಮ್ಮ ತಂಗೀನ ನೋಡಿದ್ರೆ ಕರುಳು ಚುರ್ ಅನ್ನುತ್ತೆ ಕಣ್ರೀ! ಅವರೇ ಮಲಗೋ ಹಾಗಿದಾರೆ, ಅಂಥಾದ್ರಲ್ಲಿ ನಿಮ್ಮನ್ನ ನೋಡ್ಕೊಳ್ಳೋಕೆ ಬಂದಿದಾರೆ!”

ಕಿವಿಯ ಹಿಂದಿನ ಮೂಳೆ ಕೊರೆಸಿಕೊಂಡು ಇನ್ನೂ ಒಂದು ಹಗಲೂ ಕಳೆದಿರಲಿಲ್ಲ. ನಾಲಿಗೆಯ ಮೇಲೆ ಕಬ್ಬಿಣ ನೆಕ್ಕಿದ ರುಚಿ. ಕಣ್ಣು ಬಿಟ್ಟರೆ ಮಂಚ ದೋಣಿಯಂತೆ ತೇಲುತ್ತಿತ್ತು. ಇಷ್ಟರ ನಡುವೆಯೂ ಅಕ್ಕನಿಗೆ ಅನ್ನಿಸಿದ್ದು ಒಂದೇ: ‘ಇಲ್ಲಿಗೂ ಬಂದಳು ನೋಡು. ನನ್ನ ಪಾಲಿಗೆ ಅಂತ ಒಂದು ಮಂಚ ಸಿಕ್ಕಿತ್ತು, ಅದನ್ನೂ ಬಿಡಲಿಲ್ಲ.’

ಅಕ್ಕನಿಗೆ ಆಗ ನಲವತ್ತೊಂಬತ್ತು, ತಂಗಿಗೆ ನಲವತ್ತೈದು. ಕೂದಲು ನರೆತಿದ್ದರೂ ತಂಗಿ ಇನ್ನೂ ಪುಟ್ಟಿಯೇ. ಅಮ್ಮ ಇಟ್ಟ ಮುದ್ದಿನ ಹೆಸರು ಅದು. ಅಕ್ಕನಿಗೆ ಅಂಥದ್ದೊಂದು ಹೆಸರು ಯಾರೂ ಇಡಲಿಲ್ಲ. ನಾಲ್ಕು ವರ್ಷಕ್ಕೇ ಅವಳು ಮನೆಯವರಿಗೆಲ್ಲ ಅಕ್ಕ ಆಗಿಬಿಟ್ಟಿದ್ದಳು, ಅಪ್ಪ ಅಮ್ಮ ಕೂಡ ಹಾಗೇ ಕರೆಯುತ್ತಿದ್ದರು.

ಅವಳ ಕಿವಿ ಸೋರಲು ಶುರುವಾದದ್ದು ಐದನೇ ವಯಸ್ಸಿನಲ್ಲಿ, ಮೈತುಂಬ ಗುಳ್ಳೆ ಎದ್ದು ಜ್ವರ ಬಂದು ಹೋದ ಮೇಲೆ. ಮೊದಲು ಬಲಕಿವಿ, ಆಮೇಲೆ ಎಡಕಿವಿ. ಬೆಳಗ್ಗೆ ಎದ್ದರೆ ದಿಂಬಿನ ಮೇಲೆ ಹಳದಿ ಕಲೆ. ಅಮ್ಮ ಹಾಸ್ಟೆಲ್ ಒಂದರಲ್ಲಿ ಅಡುಗೆ ಕೆಲಸಕ್ಕೆ ಹೋಗುತ್ತಿದ್ದಳು. ಹೋಗುವ ಮುಂಚೆ ಎಣ್ಣೆ ಬೆಚ್ಚಗೆ ಮಾಡಿ ಎರಡು ಹನಿ ಬಿಟ್ಟು ಹತ್ತಿ ತುರುಕಿ, “ಕಿವಿ ಸೋರೋದು ತಾನೇ, ದೊಡ್ಡವಳಾದ್ರೆ ನಿಲ್ಲುತ್ತೆ” ಅನ್ನುತ್ತಿದ್ದಳು. ಅದು ನಿಲ್ಲಲಿಲ್ಲ. ಹತ್ತಿ ಬದಲಾಗುತ್ತಾ ಹೋಯಿತು, ಅಷ್ಟೇ. ಶಾಲೆಯಲ್ಲಿ ವಾಸನೆ ಎಂದು ಪಕ್ಕದ ಹುಡುಗಿಯರು ದೂರ ಸರಿದರು. ಟೀಚರು ಅವಳನ್ನು ಕೊನೆಯ ಬೆಂಚಿಗೆ ಕಳಿಸಿದರು. ಮುಂದಿನ ಬೆಂಚಿನಲ್ಲೇ ಕೇಳಿಸದವಳಿಗೆ ಕೊನೆಯ ಬೆಂಚಿನಲ್ಲಿ ಇನ್ನೇನು ಕೇಳಿಸೀತು? ಕಿವುಡರ ಮುಂದೆ ಕಿನ್ನರಿ ಬಾರಿಸಿದ ಹಾಗೆ ಪಾಠಗಳು ನಡೆದುಹೋದವು.

ಅಮ್ಮ ತೋರಿಸಲೇ ಇಲ್ಲ ಎಂದಲ್ಲ. ಮೂರು ಸಲ ಹೊರಟಿದ್ದಳು. ಎರಡು ಸಲ ಮನೆಯ ಬಾಗಿಲು ದಾಟುವ ಮೊದಲೇ ಪುಟ್ಟಿಗೆ ಉಬ್ಬಸ ಬಂತು. ಮೂರನೇ ಸಲ ಆಸ್ಪತ್ರೆಯವರೆಗೂ ಹೋದರು. ಅಕ್ಕನಿಗೆ ಆಗ ಒಂಬತ್ತು ವರ್ಷ. ಕಿವಿ ಡಾಕ್ಟರ ಕೋಣೆಯ ಹೊರಗೆ ಹಸಿರು ಬಣ್ಣದ ಬೆಂಚು. ಮುಂದಿದ್ದ ಮುದುಕ ಒಳಗೆ ಹೋದ, ಇನ್ನು ತನ್ನದೇ ಸರದಿ. ಆ ಹೊತ್ತಿಗೆ ಸರಿಯಾಗಿ ಅಮ್ಮನ ತೊಡೆಯ ಮೇಲಿದ್ದ ಪುಟ್ಟಿ ಬಾಯಿ ತೆರೆದು ಹೆಗಲು ಎತ್ತಿದಳು. ಬೆಂಚಿನವರೆಲ್ಲ ಎದ್ದರು. ಬಾಗಿಲು ತೆರೆಯಿತು, ಕಿವಿ ಡಾಕ್ಟರೇ ಓಡಿ ಬಂದರು, ಅಕ್ಕನನ್ನು ದಾಟಿಕೊಂಡು ಪುಟ್ಟಿಯನ್ನು ಎತ್ತಿಕೊಂಡು ಮತ್ತೊಂದು ವಾರ್ಡಿನ ಕಡೆ ಓಡಿದರು. ಅಮ್ಮ ಹಿಂದೆ ಓಡಿದಳು. ಅಕ್ಕ ಚೀಟಿ ಹಿಡಿದುಕೊಂಡು ಮಧ್ಯಾಹ್ನದವರೆಗೆ ಆ ಬೆಂಚಿನ ಮೇಲೆ ಕೂತಿದ್ದಳು. ಕಸ ಗುಡಿಸುವವಳು ಬಂದು ಕಾಲೆತ್ತಲು ಹೇಳಿದಾಗ ಕಾಲೆತ್ತಿದಳು.

ಮನೆಗೆ ಬಂದ ಮೇಲೆ ಅವಳು ಕನ್ನಡಿಯ ಮುಂದೆ ನಿಂತು ಬಾಯಿ ತೆರೆದು ಹೆಗಲು ಎತ್ತಿ ನೋಡಿದಳು. ಕಷ್ಟವೇನಿರಲಿಲ್ಲ. ‘ಇಷ್ಟೇ ತಾನೇ?’ ಅನ್ನಿಸಿತು. ಒಳಗೆ ಹೋಗಿ ಅಮ್ಮನ ಮುಂದೆ ಅದನ್ನೇ ಮಾಡಿದಳು. ಅಮ್ಮ ಛಟೀರನೆ ಕೆನ್ನೆಗೆ ಕೊಟ್ಟಳು. “ಮಗು ಸಾಯ್ತಾ ಇದ್ರೆ ಅಣಕ ಮಾಡ್ತೀಯಾ?” ಅಂದದ್ದು ಅಮ್ಮನ ತುಟಿಯಲ್ಲಿ ಕಂಡಿತು.

ಅವತ್ತು ಅವಳ ಹೊಟ್ಟೆಯಲ್ಲಿ ಹತ್ತಿದ ಕಿಚ್ಚು ನಲವತ್ತು ವರ್ಷ ಆರಲಿಲ್ಲ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಎಂಬ ಮಾತು ಕೇಳಿದಾಗಲೆಲ್ಲ ಅದು ತನ್ನ ಮನೆಯನ್ನು ನೋಡಿಯೇ ಹುಟ್ಟಿದ್ದು ಎಂದುಕೊಳ್ಳುತ್ತಿದ್ದಳು. ಪುಟ್ಟಿಗೆ ಕಿಟಕಿ ಪಕ್ಕದ ಜಾಗ. ಪುಟ್ಟಿಗೆ ಬಿಸಿನೀರು. ಪುಟ್ಟಿ ಧೂಳಿನಲ್ಲಿ ಗುಡಿಸಬಾರದು, ಪುಟ್ಟಿ ಹೊಗೆಯಲ್ಲಿ ಕೂರಬಾರದು, ಪುಟ್ಟಿಯನ್ನು ಅಳಿಸಬಾರದು. ಗುಡಿಸಿದ್ದೂ ಒಲೆ ಹಚ್ಚಿದ್ದೂ ಅತ್ತಿದ್ದೂ ಅಕ್ಕ.

ಹದಿನಾರಕ್ಕೆ ಅವಳು ಬೈಂಡಿಂಗ್ ಕೆಲಸಕ್ಕೆ ಸೇರಿದಳು. ಯಜಮಾನರ ಮನೆಯ ಹಿತ್ತಲಿಗೆ ಹೊಂದಿದ ಉದ್ದನೆಯ ಶೆಡ್ಡು. ಒಂದು ಕಡೆ ಕಾಗದ ಕತ್ತರಿಸುವ ಯಂತ್ರ, ಒಂದು ಕಡೆ ಅಂಟಿನ ಬಕೆಟ್ಟು, ನಡುವೆ ಹೆಂಗಸರು ಕೂತು ಹಾಳೆ ಮಡಚಿ ದಾರ ಹೊಲಿಯುವ ಮೇಜು. ಯಂತ್ರದ ಸದ್ದಿಗೆ ಮಿಕ್ಕವರು ತಲೆ ಹಿಡಿದುಕೊಳ್ಳುತ್ತಿದ್ದರೆ ಅಕ್ಕ ತಣ್ಣಗೆ ಕೂತು ಹೊಲಿಯುತ್ತಿದ್ದಳು. ಅವಳು ಹೊಲಿದ ಪುಸ್ತಕ ಎಷ್ಟು ಅಗಲಿಸಿದರೂ ಹಾಳೆ ಬಿಡುತ್ತಿರಲಿಲ್ಲ. ಅಲ್ಲಿ ಎಲ್ಲರೂ ಅವಳನ್ನು ದಾರದಕ್ಕ ಎಂದು ಕರೆದರು. ಬೈಂಡಿಂಗ್ ಯಜಮಾನರು ಹುಟ್ಟಾ ಗಟ್ಟಿ ಗಂಟಲಿನವರು. ಹಾಗಾಗಿ ಅವರು ಹೇಳಿದ್ದು ಮಾತ್ರ ಅವಳಿಗೆ ಪೂರ್ತಿ ತಿಳಿಯುತ್ತಿತ್ತು, ಅವರ ಮೇಲೆ ಅವಳಿಗೆ ಗೌರವ ಇದ್ದದ್ದಕ್ಕೆ ಅದೂ ಒಂದು ಕಾರಣ.

ಎರಡು ಸಂಬಂಧ ಬಂದಿದ್ದವು. ಮೊದಲನೆಯವನು ಕೇಳಿದ ಪ್ರಶ್ನೆಗೆ ಅವಳು ಬೇರೇನೋ ಉತ್ತರ ಕೊಟ್ಟಳು. ಎರಡನೆಯವನ ತಾಯಿ ಹತ್ತಿರ ಕೂತು ಮೂಗು ಸುಕ್ಕು ಮಾಡಿ ಎದ್ದಳು. ಮೂರನೆಯದಾಗಿ ಬಂದ ಎಲೆಕ್ಟ್ರಿಷಿಯನ್ ಹುಡುಗ, ಮನೆಯ ಸ್ವಿಚ್ಚು ರಿಪೇರಿಗೆ ಬಂದವನು, ಪುಟ್ಟಿಯನ್ನು ನೋಡಿ ಅವಳನ್ನೇ ಕೇಳಿದ. ಉಬ್ಬಸ ಇದೆ ಎಂದು ಅಮ್ಮ ಹೇಳಿದರೆ, “ಇರ್ಲಿ ಬಿಡಿ, ನಾನು ನೋಡ್ಕೋತೀನಿ” ಅಂದನಂತೆ. ನಾನು ನೋಡ್ಕೋತೀನಿ! ಆ ಮಾತನ್ನು ಅಕ್ಕ ಯಾರ ಬಾಯಿಂದಲೋ ತಿಳಿದು ವರ್ಷಗಟ್ಟಲೆ ಮೆಲುಕು ಹಾಕಿದಳು. ಅಮ್ಮ ಸಾಯುವಾಗ ಕೂಡ ಅಕ್ಕನ ಕೈ ಹಿಡಿದು ಏನೋ ಹೇಳಿದಳು. ಕೇಳಿಸಲಿಲ್ಲ. “ಏನಮ್ಮಾ?” ಅಂದಳು. ಮತ್ತೆ ಹೇಳಿದಳು, ಮತ್ತೆ ಕೇಳಿಸಲಿಲ್ಲ. ತನಗಾಗಿಯೇ ಉಳಿಸಿಟ್ಟ ಮಾತು ಇರಬೇಕೆಂದು ಕಿವಿಯನ್ನು ಅಮ್ಮನ ತುಟಿಗೇ ಹಚ್ಚಿದಳು. ಮೂರನೇ ಸಲಕ್ಕೆ ತಿಳಿಯಿತು: “ಪುಟ್ಟೀನ ನೋಡ್ಕೋ.”

ಆಮೇಲಿನ ವರ್ಷಗಳಲ್ಲಿ ಅಕ್ಕ ಮೂರನೇ ಮಹಡಿಯ ಒಂದು ಕೋಣೆಯಲ್ಲಿ ಒಬ್ಬಳೇ ಇದ್ದಳು. ಎರಡು ಬೀದಿ ಆಚೆ ಪುಟ್ಟಿಯ ಮನೆ. ಹೋಗುವುದು ಅಪರೂಪ. ಹೋದರೆ ಅಲ್ಲಿ ಎಲೆಕ್ಟ್ರಿಷಿಯನ್ ಗಂಡ ಹೆಂಡತಿಯ ಪಂಪು ಎಲ್ಲಿದೆ, ಮಾತ್ರೆ ತಗೊಂಡಳೇ ಎಂದು ಹುಡುಕಾಡುವುದನ್ನು ನೋಡಬೇಕಾಗಿತ್ತು.

ಕಿವಿಗೆ ಹತ್ತಿ ಇಟ್ಟುಕೊಂಡೇ ಸಾಯುವವರೆಗೂ ನೂಕಿಬಿಡುತ್ತಿದ್ದಳೇನೋ. ಆದರೆ ಒಂದು ಬೆಳಗ್ಗೆ ಹೊಲಿಗೆ ಮೇಜಿನಿಂದ ಎದ್ದವಳಿಗೆ ಶೆಡ್ಡು ಗಿರ್ರನೆ ತಿರುಗಿತು. ಅಂಟು ಹಚ್ಚಿ ಒಣಗಲು ಜೋಡಿಸಿದ್ದ ಹಾಜರಿ ಪುಸ್ತಕಗಳ ಮೇಲೆ ಬಿದ್ದಳು. ಯಜಮಾನರೇ ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಕರೆದೊಯ್ದರು. ಕಿವಿ ಡಾಕ್ಟರಮ್ಮ ದೀಪ ಹಾಕಿ ತುಂಬಾ ಹೊತ್ತು ಒಳಗೆ ನೋಡಿದರು. ಆಮೇಲೆ ಕಾಗದದ ಮೇಲೆ ಚಿತ್ರ ಬರೆದು, ಪಕ್ಕದಲ್ಲಿ ದೊಡ್ಡಕ್ಷರದಲ್ಲಿ ಬರೆದು ತೋರಿಸಿದರು: ಕಿವಿತಮಟೆ ತೂತು. ಹಿಂದಿನ ಮೂಳೆ ಹುಳುಕು. ಇನ್ನು ಬಿಟ್ಟರೆ ಮಿದುಳಿಗೆ ಹೋಗುತ್ತದೆ. ಎಷ್ಟು ವರ್ಷದಿಂದ?

“ನಲವತ್ತನಾಲ್ಕು” ಅಂದಳು ಅಕ್ಕ.

“ಯಾಕೆ ತೋರಿಸ್ಲಿಲ್ಲ?” ಎಂದು ಡಾಕ್ಟರಮ್ಮ ಕೂಗಿದರು.

“ಸರದಿ ಬರಲಿಲ್ಲ” ಅಂದಳು.

ಬಲಕಿವಿಗೆ ಆಪರೇಷನ್ ಆಯಿತು. ನಾಲ್ಕು ದಿನ ಆಸ್ಪತ್ರೆ, ಆಮೇಲೆ ಮನೆ. ಡಾಕ್ಟರಮ್ಮ ಬರೆದುಕೊಟ್ಟ ಪಟ್ಟಿ ಉದ್ದವಿತ್ತು: ಕಿವಿಗೆ ಒಂದು ಹನಿ ನೀರು ತಾಗಬಾರದು. ಮೂಗು ಸೀಟಬಾರದು. ಸೀನು ಬಂದರೆ ಬಾಯಿ ತೆರೆದು ಸೀನಬೇಕು. ಭಾರ ಎತ್ತಬಾರದು, ಬಗ್ಗಬಾರದು. ಅಡುಗೆ, ನೀರು, ಬಟ್ಟೆ ಎಲ್ಲ ಬೇರೆಯವರೇ ಮಾಡಬೇಕು. ಬೇರೆಯವರು ಅಂದರೆ ಪುಟ್ಟಿ.

ಪುಟ್ಟಿ ದಿನಕ್ಕೆ ಎರಡು ಹೊತ್ತು ಬಂದಳು. ಬೆಳಗ್ಗೆ ಗಂಜಿ, ಮಧ್ಯಾಹ್ನ ಡಬ್ಬಿಯಲ್ಲಿ ಊಟ, ಸಂಜೆಗೂ ಸೇರಿಸಿಯೇ ತರುತ್ತಿದ್ದಳು. ಬಂದವಳು ಬಕೆಟ್ಟಿಗೆ ನೀರು ತುಂಬಿಸಿ, ವ್ಯಾಸಲೀನು ಸವರಿದ ಹತ್ತಿಯನ್ನು ಅಕ್ಕನ ಕಿವಿಗಿಟ್ಟು, ತಲೆ ತೋಯದಂತೆ ಬೆನ್ನು ಉಜ್ಜಿ ಸ್ನಾನ ಮಾಡಿಸಿದಳು. ಬಾಚಣಿಗೆ ಹೊಲಿಗೆಗೆ ತಾಗದ ಹಾಗೆ ಹಗುರಾಗಿ ತಲೆ ಬಾಚಿದಳು. ಅಕ್ಕನ ತಲೆಯನ್ನು ಬೇರೊಬ್ಬರು ಬಾಚಿ ಎಷ್ಟು ವರ್ಷವಾಗಿತ್ತೋ. ಮೊದಮೊದಲು ಬಿಗಿದುಕೊಂಡೇ ಕೂತಿದ್ದವಳು ಆಮೇಲಾಮೇಲೆ ಪುಟ್ಟಿ ಬರುವ ಹೊತ್ತಿಗೆ ಬಾಚಣಿಗೆ ತೆಗೆದು ಹಾಸಿಗೆಯ ಮೇಲೆ ಕಾಣುವ ಹಾಗೆ ಇಟ್ಟುಕೊಳ್ಳತೊಡಗಿದಳು.

ಮೂರು ವಾರಕ್ಕೆ ಡಾಕ್ಟರಮ್ಮ ಕಿವಿಯೊಳಗೆ ತುಂಬಿದ್ದ ಔಷಧದ ಬತ್ತಿಯನ್ನು ಎಳೆದು ತೆಗೆದರು. ಮೊದಲಿಗೆ ನೀರಿನೊಳಗೆ ಮುಳುಗಿದಂಥ ಗುಂಯ್ ಬಿಟ್ಟರೆ ಏನೂ ಇರಲಿಲ್ಲ. “ಅವಸರ ಬೇಡ. ದಿನ ಕಳೆದ ಹಾಗೆ ತೆರೆದುಕೊಳ್ಳುತ್ತೆ” ಎಂದರು. ಎರಡು ದಿನ ಕಳೆದು, ಬೆಳಗ್ಗೆ ಆಕಳಿಸಿದಾಗ ಒಳಗೆ ಏನೋ ಪಟ್ ಅಂದಿತು. ಏನೋ ಗೀಚುವ ಸದ್ದು. ಅಕ್ಕ ಇಲಿ ಎಂದುಕೊಂಡು ಹಾಸಿಗೆ ಎಲ್ಲ ಹುಡುಕಿದಳು. ಸಿಕ್ಕಿದ್ದು ತನ್ನದೇ ಬೆರಳು, ಹೊದಿಕೆಯ ಅಂಚನ್ನು ಉಜ್ಜುತ್ತಿತ್ತು. ನಲ್ಲಿ ತಿರುಗಿಸಿದರೆ ಬಕೆಟ್ಟಿನ ತಳಕ್ಕೆ ಬೀಳುವ ನೀರಿನ ಸದ್ದು ಬೇರೆ, ಬಕೆಟ್ಟು ತುಂಬಿದಾಗಿನ ಸದ್ದೇ ಬೇರೆ! ಐವತ್ತಕ್ಕೆ ಕಾಲಿಡುವ ಹೆಂಗಸು ನಲ್ಲಿ ಬಿಡುವುದು, ನಿಲ್ಲಿಸುವುದು, ಇದನ್ನೇ ಒಂದು ಗಂಟೆ ಮಾಡಿದಳು.

ಅದನ್ನು ಹೇಳಬೇಕು ಎಂದೇ ಇದ್ದಳು. ಪುಟ್ಟಿ ಬಂದಳು, ಬಾಗಿಲಲ್ಲೇ ನಿಂತು ಎಂದಿನಂತೆ, “ಅಕ್ಕಾ, ಹೇಗಿದೆ ಕಿವಿ?” ಎಂದು ಕೂಗಿದಳು. ಅಕ್ಕನ ಬಾಯಿಂದ ನಲವತ್ತು ವರ್ಷದ ಅಭ್ಯಾಸ ತಾನಾಗಿ ಜಾರಿತು: “ಆಂ?”

ಪುಟ್ಟಿ ಹತ್ತಿರ ಬಂದಳು, ಪಕ್ಕದಲ್ಲಿ ಕೂತಳು, ಹೆಗಲ ಮೇಲೆ ಕೈಯಿಟ್ಟು ಕಿವಿಯ ಬಳಿ ಬಾಗಿ, “ಇನ್ನೂ ಕೇಳಿಸ್ತಿಲ್ವಾ? ಇರ್ಲಿ ಬಿಡು, ನಾನಿದೀನಲ್ಲ” ಅಂದಳು.

ನಾಳೆ ಹೇಳಿದರಾಯಿತು ಎಂದುಕೊಂಡಳು ಅಕ್ಕ. ನಾಳೆಯೂ ಅದೇ ಕೈ ಹೆಗಲ ಮೇಲೆ ಬಂತು, ನಾಡಿದ್ದೂ ಬಂತು. ಕೇಳಿಸುತ್ತದೆ ಎಂದರೆ ಈ ಕೈ ಹೋಗುತ್ತದೆ. ಡಬ್ಬಿ ಹೋಗುತ್ತದೆ, ಬಾಚಣಿಗೆ ಹೋಗುತ್ತದೆ. ‘ಅವಳಿಗೆ ಊರೆಲ್ಲ ಸೇರಿ ನಲವತ್ತು ವರ್ಷ ಕೊಟ್ಟಿರಲ್ಲ, ನನಗೆ ನಲವತ್ತು ದಿನ ಆಗಲಿ’ ಎಂದು ಯಾರ ಮುಂದೋ ವಾದ ಹೂಡಿದಂತೆ ತನಗೆ ತಾನೇ ಹೇಳಿಕೊಂಡಳು.

ಕಿವಿ ಬಂದದ್ದರಿಂದ ಹೊಟ್ಟೆಕಿಚ್ಚು ಕಮ್ಮಿಯಾಗಬೇಕಿತ್ತು. ಬದಲಿಗೆ ಅದಕ್ಕೆ ಹೊಸ ಸೌದೆ ಸಿಕ್ಕಿತು. ಹಿಂದೆ ಕಣ್ಣಿಗೆ ಕಂಡದ್ದಕ್ಕೆ ಮಾತ್ರ ಉರಿಯುತ್ತಿದ್ದಳು, ಈಗ ಕೇಳಿದ್ದಕ್ಕೂ ಉರಿದಳು. ಪುಟ್ಟಿ ಪಾತ್ರೆ ತೊಳೆಯುತ್ತಿರುವಾಗ ಗಂಡನ ಫೋನು ಬರುತ್ತಿತ್ತು. ಕಿವುಡಿಯ ಮುಂದೆ ಗುಟ್ಟೇನು ಎಂದು ಪುಟ್ಟಿ ಸ್ಪೀಕರಿಗೆ ಹಾಕಿ ಮಾತಾಡುತ್ತಿದ್ದಳು.

“ಊಟ ಮಾಡಿದ್ಯೇನೇ?”

“ಇನ್ನೂ ಇಲ್ಲ. ಅಕ್ಕನಿಗೆ ಬಡಿಸಿ ಬರ್ತೀನಿ.”

“ಪಂಪು ಚೀಲದಲ್ಲಿದೆಯಾ? ಅಲುಗಾಡಿಸಿ ನೋಡು, ಖಾಲಿ ಆಗಿರ್ಬೇಕು. ಬರ್ತಾ ಹೊಸದು ತರ್ತೀನಿ.”

ಅಕ್ಕ ಗೋಡೆ ನೋಡುತ್ತಾ ಕೂತಿದ್ದಳು. ಪಂಪು ಖಾಲಿಯಾಗಿರಬಹುದು ಎಂದು ಕೆಲಸದ ನಡುವೆ ಒಬ್ಬ ಗಂಡಸು ನೆನಪಿಟ್ಟುಕೊಳ್ಳುತ್ತಾನಲ್ಲ! ತನ್ನ ಹತ್ತಿ ಮುಗಿದಿದೆಯೇ ಎಂದು ಯಾವ ನರಪಿಳ್ಳೆ ಕೇಳಿತ್ತು? ಅವತ್ತು ಪುಟ್ಟಿ ಬಡಿಸಿದ ಊಟಕ್ಕೆ ಉಪ್ಪಿಲ್ಲ ಎಂದು ತಟ್ಟೆ ಸರಿಸಿದಳು. ಉಪ್ಪು ಸರಿಯಾಗಿಯೇ ಇತ್ತು.

ಹೀಗೆ ಹತ್ತು ದಿನವಾಯಿತು. ಹನ್ನೊಂದನೇ ದಿನ ಮಧ್ಯಾಹ್ನ ಅಕ್ಕ ಬಾಗಿಲು ಅರೆ ತೆರೆದು ಕೂತಿದ್ದಳು. ಊಟದ ಹೊತ್ತು ದಾಟಿತ್ತು. ಕೆಳಗಿನಿಂದ ಒಂದು ಸದ್ದು ಬಂತು. ಎಣ್ಣೆ ಕಾಣದ ಬಾಗಿಲನ್ನು ಯಾರೋ ಮೆಲ್ಲಗೆ ತೆರೆದು, ಮೆಲ್ಲಗೆ ಮುಚ್ಚಿ, ಮತ್ತೆ ತೆರೆದ ಹಾಗೆ. ಸುಂಯ್... ಗೊರ್... ಸುಂಯ್. ಹೊಸದಾಗಿ ಬಂದ ಕಿವಿಗೆ ಯಾವ ಸದ್ದಿನ ಗುರುತೂ ಸರಿಯಾಗಿ ಇರಲಿಲ್ಲ. ನೀರಿನ ಪೈಪು ಇರಬಹುದು, ಬೆಕ್ಕಿರಬಹುದು ಎಂದುಕೊಂಡಳು. ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಇನ್ನೊಂದಿಷ್ಟು ಹತ್ತಿರದಲ್ಲಿ ಮತ್ತೆ ಶುರುವಾಯಿತು, ಈ ಸಲ ಇನ್ನೂ ಜೋರಾಗಿ.

ಅಕ್ಕ ಗೋಡೆ ಹಿಡಿದುಕೊಂಡು ಹೊರಗೆ ಬಂದು ಕಂಬಿಯ ಮೇಲಿಂದ ಇಣುಕಿದಳು. ಎರಡನೇ ಮಹಡಿಯ ತಿರುವಿನಲ್ಲಿ, ಮೆಟ್ಟಿಲ ಮೇಲೆ, ಪಕ್ಕದಲ್ಲಿ ಡಬ್ಬಿ ಇಟ್ಟುಕೊಂಡು ಪುಟ್ಟಿ ಕೂತಿದ್ದಳು. ಬಾಯಿ ತೆರೆದಿತ್ತು, ಹೆಗಲು ಮೇಲೆದ್ದಿತ್ತು. ಅಕ್ಕ ಚಿಕ್ಕಂದಿನಿಂದ ನೋಡಿದ, ಕನ್ನಡಿಯ ಮುಂದೆ ಅಣಕಿಸಿದ ಅದೇ ಭಂಗಿ. ಆ ಸದ್ದು ಬರುತ್ತಿದ್ದದ್ದು ಅವಳ ಎದೆಯಿಂದ.

ಅಕ್ಕನ ಕೈ ಕಂಬಿಗೆ ಅಂಟಿಕೊಂಡಿತು. ಇಷ್ಟು ವರ್ಷ ಇದಕ್ಕೊಂದು ಸದ್ದಿದೆ ಎಂದೇ ಅವಳಿಗೆ ಗೊತ್ತಿರಲಿಲ್ಲ. ಬೆಂಚಿನವರು ಎದ್ದದ್ದು, ಡಾಕ್ಟರು ಓಡಿ ಬಂದದ್ದು, ಬಸ್ ಡ್ರೈವರನ ಹೆಂಡತಿ ದಡಕ್ಕನೆ ಎದ್ದು ಕೂತದ್ದು, ಎಲ್ಲ ಈ ಸದ್ದಿಗೆ. ಮನುಷ್ಯರ ಎದೆಯಿಂದ ಇಂಥ ಸದ್ದು ಬಂದರೆ ಕಲ್ಲೂ ಎದ್ದು ಓಡಬೇಕು. ಅವಳೊಬ್ಬಳೇ ಕೂತಿದ್ದಳು, ಹಸಿರು ಬೆಂಚಿನ ಮೇಲೆ, ಚೀಟಿ ಹಿಡಿದುಕೊಂಡು, ನಾಟಕ ಎಂದುಕೊಂಡು.

ಕೆಳಗೆ ಪುಟ್ಟಿ ಪಂಪು ತೆಗೆದು ಒತ್ತಿಕೊಂಡಳು. ಕಣ್ಣು ಮುಚ್ಚಿ ಕಾದಳು. ಆಮೇಲೆ ಸೆರಗಿನಿಂದ ಮುಖ ಒರೆಸಿ, ಕೂದಲು ಸರಿಮಾಡಿಕೊಂಡು ಡಬ್ಬಿ ಎತ್ತಿದಳು. ಅಕ್ಕ ಸರಸರನೆ ಒಳಗೆ ಹೋಗಿ ಹಾಸಿಗೆಯ ಮೇಲೆ ಕೂತಳು.

“ಅಕ್ಕಾ! ಇವತ್ತು ಸ್ವಲ್ಪ ತಡ ಆಯ್ತು!” ಪುಟ್ಟಿ ನಗುತ್ತಾ ಒಳಗೆ ಬಂದು ಕೂಗಿದಳು. ಕೂಗಿ ಮುಗಿಸಿದ ಮೇಲೆ ಸಣ್ಣಗೆ ಸುಂಯ್ ಎಂದು ಉಸಿರು ಎಳೆದಳು. “ಹಸಿವಾಯ್ತಾ!” ಸುಂಯ್. “ಮೊಟ್ಟೆ ಬೇಯಿಸಿ ತಂದಿದೀನಿ!” ಸುಂಯ್. ಒಂದೊಂದು ಮಾತಿಗೂ ಎದೆಯಲ್ಲಿದ್ದ ಅಷ್ಟೋ ಇಷ್ಟೋ ಗಾಳಿ ಖರ್ಚಾಗುತ್ತಿತ್ತು.

ಕಿವುಡಿಗೆ ಕೇಳಿಸಲಿ ಎಂದು ಕೂಗುತ್ತಿದ್ದಳು. ಕಿವುಡಿ ಕೇಳಿಸಿಕೊಳ್ಳುತ್ತಾ ಕೂತಿದ್ದಳು.

“ಕೂಗಬೇಡ ಕಣೇ” ಅಂದಳು ಅಕ್ಕ.

“ಏನು?”

“ಕೂಗಬೇಡ. ಕೇಳಿಸುತ್ತೆ.”

ಪುಟ್ಟಿಯ ಮುಖ ಅರಳಿತು. “ಕೇಳಿಸುತ್ತಾ? ಯಾವಾಗ ಬಂತು? ಈಗಲಾ?”

ಈಗ ಎಂದು ಹೇಳಿಬಿಡಬಹುದಿತ್ತು. ಹೇಳಿದ್ದರೆ ಸಿಹಿಯಾಗಿ ಮುಗಿದುಹೋಗುತ್ತಿತ್ತು. ಅಕ್ಕ ಹೊದಿಕೆಯ ಅಂಚು ನೋಡುತ್ತಾ, “ಹನ್ನೊಂದು ದಿನ ಆಯ್ತು” ಅಂದಳು.

ಪುಟ್ಟಿ ಲೆಕ್ಕ ಹಾಕುವಂತೆ ನಿಂತಳು. ಕೈಯಲ್ಲಿದ್ದ ಚಮಚ ಡಬ್ಬಿಯೊಳಗೆ ಹಾಕಿದಳು. “ಹನ್ನೊಂದು ದಿನ” ಅಂದಳು, ಮೆಲ್ಲಗೆ. “ನಿನ್ನ ಮೆಟ್ಟಿಲು ಎಷ್ಟಿದೆ ಗೊತ್ತಾ ಅಕ್ಕಾ? ಐವತ್ತೆರಡು. ನಂಗೆ ಒಂದೊಂದೂ ಗೊತ್ತು. ದಿನಾ ಎರಡು ಸಲ ಹತ್ತಿ, ಮೇಲೆ ಬಂದು ಗಂಟಲು ಹರ್ಕೊಂಡು ಕೂಗಿದೆ. ಇವತ್ತಾದ್ರೂ ಕೇಳಿಸಲಿ ಅಂತ ದಾರಿ ಉದ್ದಕ್ಕೂ ಬೇಡ್ಕೊಂಡು ಬರ್ತಿದ್ದೆ. ನೀನು ಕೂತ್ಕೊಂಡು ಆಟ ನೋಡ್ತಿದ್ಯಾ?”

“ಪುಟ್ಟೀ...”

“ಊಟ ಅಲ್ಲಿದೆ. ತಿನ್ನು.”

ಇಳಿದು ಹೋದಳು. ಇಳಿಯುವ ಹೆಜ್ಜೆಯ ಸದ್ದು ಐವತ್ತೆರಡೂ ಅಕ್ಕನಿಗೆ ಕೇಳಿಸಿತು.

ನಾಲ್ಕು ದಿನ ಪುಟ್ಟಿ ಬರಲಿಲ್ಲ. ಡಬ್ಬಿ ಬಂತು. ಅದನ್ನು ಎಲೆಕ್ಟ್ರಿಷಿಯನ್ ಗಂಡ ತಂದು ಬಾಗಿಲಲ್ಲಿಟ್ಟು, “ಅವಳಿಗೆ ಕೆಲಸ ಇದೆ ಅಕ್ಕಾ” ಎಂದು ಹೇಳಿ ಹೋಗುತ್ತಿದ್ದ. ಅಕ್ಕ ಆ ಊಟ ಉಂಡಳು, ರುಚಿ ತಿಳಿಯಲಿಲ್ಲ. ಕೋಪ ಮಾಡಿಕೊಂಡ ಪುಟ್ಟಿಯನ್ನು ಅವಳು ಅದುವರೆಗೆ ನೋಡಿರಲೇ ಇಲ್ಲ. ಕೋಪ ಮಾಡಿಕೊಳ್ಳುವಷ್ಟು ಉಸಿರು ಆ ಹುಡುಗಿಗೆ ಯಾವತ್ತು ಇತ್ತು?

ಐದನೇ ದಿನ ಬೆಳಗ್ಗೆ ಅಕ್ಕ ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಸುತ್ತಿ, ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು. ಬೀದಿಗೆ ಬಂದರೆ ಹಾರನ್ನು, ಸೈಕಲ್ಲಿನ ಗಂಟೆ, ಕಬ್ಬಿಣದ ಶಟರು ಎಳೆಯುವ ಸದ್ದು, ಎಲ್ಲ ಒಟ್ಟಿಗೆ ಮೈಮೇಲೆ ಬಂದವು. ಎರಡು ಸಲ ಅಂಗಡಿ ಕಟ್ಟೆ ಹಿಡಿದು ನಿಂತಳು. ಪುಟ್ಟಿ ಮನೆಯ ಮುಂದೆ ಬಟ್ಟೆ ಒಣಹಾಕುತ್ತಿದ್ದಳು. ಅಕ್ಕನನ್ನು ನೋಡಿ, “ಒಬ್ಬಳೇ ಬಂದ್ಯಾ? ತಲೆ ತಿರುಗಿ ಬಿದ್ದಿದ್ರೆ?” ಎಂದು ಗದರಿಸಿ, ಕೋಪದಲ್ಲಿದ್ದೇನೆ ಎಂಬುದು ನೆನಪಾಗಿ ಮತ್ತೆ ಬಟ್ಟೆಯ ಕಡೆ ತಿರುಗಿದಳು.

ಅಕ್ಕ ಜಗಲಿಯ ಮೇಲೆ ಕೂತಳು. ಏನೇನೋ ಯೋಚಿಸಿಕೊಂಡು ಬಂದಿದ್ದಳು, ಬಾಯಿಗೆ ಬಂದದ್ದು ಬೇರೆ. “ಆ ಸದ್ದು ಯಾವಾಗಲೂ ಬರ್ತಿತ್ತಾ?”

“ಯಾವ ಸದ್ದು?”

“ನಿನ್ನ ಉಸಿರಿಂದು. ಚಿಕ್ಕವಳಿದ್ದಾಗಲೂ?”

ಪುಟ್ಟಿ ಕೈಯಲ್ಲಿದ್ದ ಅಂಗಿ ಹಿಡಿದುಕೊಂಡೇ ತಿರುಗಿದಳು. “ಇದೇನು ಕೇಳ್ತೀಯ? ಬೀದಿಗೇ ಕೇಳಿಸ್ತಿತ್ತು ಅಂತಿದ್ಲು ಅಮ್ಮ.”

“ನಂಗೆ ಕೇಳಿಸ್ತಿರಲಿಲ್ಲ.”

ಪುಟ್ಟಿ ಒಂದು ಹೆಜ್ಜೆ ಮುಂದೆ ಬಂದಳು.

“ನಾಟಕ ಅನ್ಕೊಂಡಿದ್ದೆ” ಅಂದಳು ಅಕ್ಕ. “ಬಾಯಿ ತೆಗೀತೀಯ, ಎಲ್ಲರೂ ಓಡಿ ಬರ್ತಾರೆ. ನಾನೂ ಕನ್ನಡಿ ಮುಂದೆ ಮಾಡಿ ನೋಡಿದ್ದೆ. ಮೊನ್ನೆ ಮೆಟ್ಟಿಲಲ್ಲಿ ಕೂತಿದ್ಯಲ್ಲ, ಅವತ್ತೇ ಮೊದಲು ಕೇಳಿದ್ದು.”

ಪುಟ್ಟಿ ಬಂದು ಜಗಲಿಯ ಇನ್ನೊಂದು ತುದಿಯಲ್ಲಿ ಕೂತಳು. ಒದ್ದೆ ಅಂಗಿಯಿಂದ ನೀರು ತೊಟ್ಟಿಕ್ಕುತ್ತಿತ್ತು. “ಉಬ್ಬಸ ಬಂದ್ರೆ ನಾನು ನಿನ್ನ ಪಕ್ಕಕ್ಕೇ ಯಾಕೆ ಬರ್ತಿದ್ದೆ ಗೊತ್ತಾ?” ಎಂದಳು. “ಅಮ್ಮ ಅಳೋಳು. ಅಪ್ಪ ಓಡಾಡೋರು. ಅವರ ಮುಖ ನೋಡಿದ್ರೆ ಸತ್ತೇ ಹೋಗ್ತೀನಿ ಅನ್ನಿಸ್ತಿತ್ತು. ನೀನೊಬ್ಬಳೇ ಹೆದರ್ತಿರಲಿಲ್ಲ. ಅಕ್ಕ ತಣ್ಣಗೆ ಕೂತಿದಾಳೆ ಅಂದ್ರೆ ಏನೂ ಆಗಲ್ಲ ಅನ್ಕೊಳ್ತಿದ್ದೆ.”

ಅಕ್ಕನಿಗೆ ನೆನಪಾಯಿತು. ನಿಜ, ಬರುತ್ತಿದ್ದಳು, ಬಂದು ಬೆನ್ನಿಗೆ ಅಂಟಿ ಕೂರುತ್ತಿದ್ದಳು. ಇದ್ದ ಜಾಗಕ್ಕೂ ಪಾಲು ಕೇಳಲು ಬಂದಳು ಎಂದು ಅಕ್ಕ ಮೊಣಕೈಯಿಂದ ತಳ್ಳುತ್ತಿದ್ದಳು.

“ನಾನು ಧೈರ್ಯ ಮಾಡಿ ಕೂತಿರಲಿಲ್ಲ ಕಣೇ. ಹೊಟ್ಟೆ ಉರ್ಕೊಂಡು ಕೂತಿದ್ದೆ.”

ಪುಟ್ಟಿಗೆ ನಗು ಬಂತು. ನಕ್ಕರೆ ಕೆಮ್ಮು, ಕೆಮ್ಮಿದರೆ ಉಬ್ಬಸ, ಆದರೂ ನಕ್ಕಳು. “ಹಾಳಾಗಿ ಹೋಗು” ಅಂದಳು. “ಗಂಜಿ ಕುಡೀತೀಯಾ?”

ಇಷ್ಟಕ್ಕೇ ಎಲ್ಲ ಸರಿಹೋಯಿತೆಂದಲ್ಲ. ಎರಡು ತಿಂಗಳಿಗೆ ಮಾಡಿದ ಪರೀಕ್ಷೆಯಲ್ಲಿ ಬಲಕಿವಿ ಮುಕ್ಕಾಲು ಪಾಲು ಬಂದಿದೆ ಎಂದು ಡಾಕ್ಟರಮ್ಮ ಹೇಳಿದರು. ಎಡಕಿವಿ ಕೈಬಿಟ್ಟು ಹೋಗಿದೆ, ಒಣಗಿಸಿಟ್ಟುಕೊಳ್ಳುವುದಷ್ಟೇ ದಾರಿ. ವರ್ಷಕ್ಕೊಮ್ಮೆ ಬಂದು ಸ್ವಚ್ಛ ಮಾಡಿಸಿಕೊಳ್ಳಬೇಕು. ಅಕ್ಕ ಬೈಂಡಿಂಗ್ ಕೆಲಸಕ್ಕೆ ಮರಳಿದಳು. ಯಜಮಾನರು ಎಂದಿನಂತೆ ಮಾತಾಡಿದ್ದಕ್ಕೆ, “ಸ್ವಲ್ಪ ಮೆಲ್ಲಗೆ ಸಾರ್” ಅಂದಳು. ಅವರಿಗೆ ಬಹಳ ಬೇಜಾರಾಯಿತು. ಮಧ್ಯಾಹ್ನದ ಊಟಕ್ಕೆ ಪುಟ್ಟಿಯ ಮನೆಗೆ ತಾನೇ ನಡೆದು ಹೋಗುವುದು ರೂಢಿಯಾಯಿತು. ಅಲ್ಲಿ ಹತ್ತಲು ಮೆಟ್ಟಿಲಿರಲಿಲ್ಲ.

ಹೊಟ್ಟೆಕಿಚ್ಚು ಮಾತ್ರ ಯಾವ ಡಾಕ್ಟರಿಗೂ ಕೊರೆದು ತೆಗೆಯಲು ಬರುವಂಥದ್ದಾಗಿರಲಿಲ್ಲ. ಅದು ಎದ್ದು ಬೇರೆ ಕಡೆ ಕೂತಿತು. ಈಗ ಅಕ್ಕನಿಗೆ ಸಹಿಸಲಾಗದೇ ಇದ್ದದ್ದು ಪುಟ್ಟಿಯ ಗಂಡನನ್ನು. ಪುಟ್ಟಿಯ ಮಾತ್ರೆ, ಪುಟ್ಟಿಯ ಪಂಪು, ಪುಟ್ಟಿಯ ಎದೆ ಡಾಕ್ಟರ ತಾರೀಖು, ಎಲ್ಲ ಅವನಿಗೇ ಬಾಯಿಪಾಠ. ಇಪ್ಪತ್ತೆರಡು ವರ್ಷದಿಂದ ಆ ಸದ್ದು ಕೇಳಿದವನು ಅವನು. ಅಕ್ಕ ಅದಕ್ಕೆ ಮೊನ್ನೆ ಮೊನ್ನೆ ಬಂದವಳು.

“ಮುಂದಿನ ವಾರ ಎದೆ ಡಾಕ್ಟರ ಹತ್ತಿರ ನಾನು ಕರ್ಕೊಂಡು ಹೋಗ್ತೀನಪ್ಪಾ” ಎಂದು ಒಂದು ದಿನ ಹೇಳಿದಳು.

“ನಿಮಗ್ಯಾಕೆ ತೊಂದ್ರೆ ಅಕ್ಕಾ, ನಾನು ಯಾವಾಗಲೂ ಹೋಗ್ತೀನಲ್ಲ?”

“ಯಾವಾಗಲೂ ಹೋಗ್ತೀಯಲ್ಲ, ಅದಕ್ಕೇ.”

ಅವನು ಅರ್ಥವಾಗದೆ ಹೆಂಡತಿಯ ಮುಖ ನೋಡಿದ. ಪುಟ್ಟಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಒಂದು ರಜೆಯ ದಿನ ಮೂವರೂ ಊಟಕ್ಕೆ ಕೂತಿದ್ದರು. ಪುಟ್ಟಿ ಉಪ್ಪಿನ ಡಬ್ಬಿ ತರಲು ಒಳಗೆ ಹೋದಳು. ಗಂಡ ಯಾವುದೋ ಮನೆಯ ಮೋಟರಿನ ಕತೆ ಹೇಳುತ್ತಾ ನಗುತ್ತಿದ್ದ. ಒಳಗಿನಿಂದ, ಇನ್ನೂ ಶುರುವಾಯಿತು ಎನ್ನಲೂ ಆಗದಷ್ಟು ಸಣ್ಣಗೆ ಸುಂಯ್ ಎಂದು ಒಂದೇ ಒಂದು ಎಳೆ ಬಂತು. ಅಕ್ಕ ತಟ್ಟೆ ಬಿಟ್ಟು ಎದ್ದಳು, ಗೂಟದಲ್ಲಿದ್ದ ಚೀಲದಿಂದ ಪಂಪು ತೆಗೆದು ಅಲುಗಾಡಿಸಿ ನೋಡಿ, ಒಳಗೆ ಹೋಗಿ ಪುಟ್ಟಿಯ ಕೈಗಿತ್ತು, ಅವಳ ಬೆನ್ನಿಗೆ ಒಂದು ಕೈ ಇಟ್ಟು ನಿಂತಳು. ಗಂಡ ಅವಸರದಲ್ಲಿ ಹಿಂದೆ ಓಡಿ ಬರುವಷ್ಟರಲ್ಲಿ ಎರಡು ಸಲ ಒತ್ತಿಯಾಗಿತ್ತು.

“ಏನಾಯ್ತು? ಬಂತಾ? ನನಗೆ ಗೊತ್ತೇ ಆಗ್ಲಿಲ್ವಲ್ಲ!” ಅಂದ.

ಅಕ್ಕ ಅವನ ಕಡೆ ತಿರುಗಿದಳು. ಇಷ್ಟು ವರ್ಷದಲ್ಲಿ ಅವಳ ಮುಖದಲ್ಲಿ ಅಂಥ ಗೆಲುವನ್ನು ಯಾರೂ ಕಂಡಿರಲಿಲ್ಲ.

“ನಂಗೆ ಮೊದಲು ಕೇಳಿಸ್ತು” ಅಂದಳು.